ಪಾದ್ರಿಗೆ ನಾನು ಕಲಿಸಿದ ಅರಬಿ

ನನ್ನ ಹೆಂಡತಿಯ ಹೆಸರು ತಮಾಮ್. ಹೆಸರಿಗೆ ತಕ್ಕಂತೆ ಮನೆಯ ತಮಾಮು ಅಧಿಕಾರ ಅವಳದು. ಉಪ್ಪಿನ ಡಬ್ಬಿ ಎಲ್ಲಿರಬೇಕು, ಹೆಣ್ಣುಮಕ್ಕಳನ್ನು ಯಾವ ಮನೆಗೆ ಕೊಡಬೇಕು, ನನಗೆ ನೆಗಡಿಯಾಗಿದೆಯೋ ಇಲ್ಲವೋ, ಎಲ್ಲವನ್ನೂ ಅವಳೇ ತೀರ್ಮಾನಿಸುತ್ತಾಳೆ. ನಾನು ಹುಟ್ಟಿದ್ದು ಆರ್ಥೊಡಾಕ್ಸ್ ಚರ್ಚಿನಲ್ಲಿ. ಮದುವೆಯಾದ ಮೇಲೆ ಅವಳ ತವರಿನವರ ಸಣ್ಣ ಪ್ರೊಟೆಸ್ಟೆಂಟ್ ಚರ್ಚಿಗೆ ಹೋಗತೊಡಗಿದೆ. ಇದಕ್ಕೆ ಯಾವ ಆಧ್ಯಾತ್ಮಿಕ ತಳಮಳವೂ ಕಾರಣವಲ್ಲ. ಒಂದು ಭಾನುವಾರ ಅವಳು ನನ್ನ ಕೋಟನ್ನು ಕೈಗೆ ಕೊಟ್ಟು "ನಡೀರಿ" ಎಂದಳು. ನಡೆದೆ.

ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೂ ನನ್ನ ಕೈಯಲ್ಲಿ ಒಂದು ಪುಟ್ಟ ಸಂಸ್ಥಾನ ಉಳಿದಿತ್ತು. ಅದು ಅರಬಿ ವ್ಯಾಕರಣ. ಅರಬ್ ನಾಡಿನ ನಮ್ಮ ಕರಕ್ ಊರಿನ ಗಂಡುಹುಡುಗರ ಶಾಲೆಯಲ್ಲಿ ಕೂದಲು ನೆರೆಯುವವರೆಗೂ ಅದನ್ನೇ ಕಲಿಸಿ ನಿವೃತ್ತನಾದವನು ನಾನು. ಊರಿನ ಅರ್ಧ ಗಂಡಸರ ಕಿವಿಯನ್ನು ಹಿಂಡಿದ ಕೈ ಇದು. ಅಂಗಡಿಯ ಬೋರ್ಡಿನಲ್ಲಿ ಒಂದು ಕಾಗುಣಿತ ತಪ್ಪಿದ್ದರೂ ಒಳಗೆ ಹೋಗಿ ತಿದ್ದಿಸದೆ ನಾನು ಮುಂದೆ ಹೆಜ್ಜೆ ಇಟ್ಟವನಲ್ಲ. (ನಮ್ಮ ಬೀದಿಯ ಕಟುಕ ಇದೇ ಕಾರಣಕ್ಕೆ ಬೋರ್ಡನ್ನೇ ತೆಗೆಸಿ, ಬರೀ ಒಂದು ಕುರಿಯ ಚಿತ್ರ ಬರೆಸಿದ್ದಾನೆ. ಕುರಿಯಲ್ಲಿ ತಪ್ಪು ಹುಡುಕಲು ನನಗೆ ಬರುವುದಿಲ್ಲ.) ಮನೆಯ ಹೊರಗೆ ಎಲ್ಲರೂ ನನ್ನನ್ನು 'ಉಸ್ತಾದ್ ಮಿತ್ರಿ' ಎನ್ನುತ್ತಾರೆ. ಮನೆಯ ಒಳಗೆ ಏನೆನ್ನುತ್ತಾರೆ ಎಂಬುದು ಮುಂದೆ ಬರುತ್ತದೆ, ಅವಸರ ಬೇಡ.

ಆ ಸಂಸ್ಥಾನವೂ ನನ್ನ ಕೈಬಿಟ್ಟುಹೋದ ಕಥೆ ಇದು.

ಕಿರಿಯ ಮಗಳ ಮದುವೆಯಾಗಿ ನಮ್ಮ ಮಹಡಿ ಮನೆ ಖಾಲಿಯಾದ ವರ್ಷವೇ ಚರ್ಚಿನ ಹಳೆಯ ಪಾದ್ರಿಯೂ ವಯಸ್ಸಾಯಿತೆಂದು ಬಿಟ್ಟುಹೋದರು. ಹೊಸಬರು ಫಿನ್ಲೆಂಡ್ ಎಂಬ ದೇಶದಿಂದ ಬರುತ್ತಾರೆಂದು ಸುದ್ದಿಯಾಯಿತು. ಚರ್ಚಿನ ಹಿರಿಯರು ಅವರಿಗೆ ಮನೆ ಹುಡುಕುವ ಬಗ್ಗೆ ಸಭೆ ಕರೆದರು. ಸಭೆ ಸೇರುವುದರೊಳಗೆ ತಮಾಮ್ ಮಹಡಿಗೆ ಸುಣ್ಣ ಹೊಡೆಸಿ ಪರದೆ ಹಾಕಿಸಿಬಿಟ್ಟಿದ್ದಳು.

ಅವರು ಬಂದದ್ದು ಆಲಿವ್ ಕೊಯ್ಲಿನ ಕಾಲದಲ್ಲಿ. ಬಾಡಿಗೆ ಪಿಕಪ್ಪಿನಿಂದ ಮೊದಲು ಪೆಟ್ಟಿಗೆಗಳಿಳಿದವು. ಆಮೇಲೆ ಪಾದ್ರಿ ವೈಕ್ಕೋ ಇಳಿದರು. ಅವರು ಇಳಿಯುವುದು ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟು ಉದ್ದದ ಮನುಷ್ಯ. ಹಿಂದೆಯೇ ಹೆಂಡತಿ ಐಲಿ, ಕೆಂಪು ಕೆನ್ನೆಯ ಗಟ್ಟಿ ಹೆಂಗಸು. ಕೊನೆಗೆ ಆರು ವರ್ಷದ ಮಗಳು, ಜೋಳದ ಕೂದಲಿನಂಥ ಕೂದಲು. ಅವಳ ಹೆಸರು ಕೈಸಾ ಎಂದು ಗೊತ್ತಾದಾಗ ತಮಾಮ್ ಕರಗಿಹೋದಳು. ಆ ಶಬ್ದಕ್ಕೆ ನಮ್ಮಲ್ಲಿ ಜಾಣೆ ಎಂದರ್ಥ. "ನೋಡಿ, ಎಲ್ಲೋ ಹಿಮದಲ್ಲಿ ಹುಟ್ಟಿದ ಮಗುಗೂ ಅರಬಿ ಹೆಸರಿಟ್ಟಿದಾರೆ. ಇಲ್ಲಿಗೆ ಬರೋದು ಆಗಲೇ ಬರೆದಿತ್ತು" ಎಂದು ಮಗುವನ್ನು ಎತ್ತಿಕೊಂಡವಳು ಸಂಜೆಯವರೆಗೆ ಇಳಿಸಲಿಲ್ಲ.

ಪಾದ್ರಿ ನಮ್ಮ ಬಾಗಿಲಿನ ಮೇಲ್ಗಲ್ಲಿಗೆ ಹಣೆ ಬಡಿದುಕೊಂಡು, ನಕ್ಕು, ಒಳಗೆ ಬಂದು ಕೂತರು. ಕೂತವರು ಕೂತೇ ಇದ್ದರು. ನಾನು ಮಳೆಯ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಮಾತಾಡಿದೆ. ಅವರು ತಲೆಯಾಡಿಸಿದರು. ಆಮೇಲೆ ಮೌನ. ನಮ್ಮ ಊರಿನಲ್ಲಿ ಅತಿಥಿ ಅಷ್ಟು ಹೊತ್ತು ಸುಮ್ಮನೆ ಕೂತರೆಂದರೆ ಒಂದೋ ಹೆಣ್ಣು ಕೇಳಲು ಬಂದಿದ್ದಾರೆ, ಇಲ್ಲವೇ ಕೊಲೆ ಆಗಿದೆ.

ತಮಾಮ್ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. (ನಮ್ಮಲ್ಲಿ ಹಿರಿಯ ಮಗುವಿನ ಹೆಸರು ಹಿಡಿದು ಕರೆಯುವುದು ರೂಢಿ, ಮಗಳು ರೀಮಾಳಿಂದಾಗಿ ನಾನು ಅಬು ರೀಮಾ, ಅವಳು ಉಮ್ ರೀಮಾ.) "ಅಬು ರೀಮಾ, ಇವರಿಗೆ ನಮ್ಮ ಮೇಲೆ ಏನಾದ್ರೂ ಕೋಪಾನಾ?"

"ಇಲ್ಲವೇ. ಅವರ ದೇಶದಲ್ಲಿ ಚಳಿ ಜಾಸ್ತಿ. ಬಾಯಿ ತೆರೆದ್ರೆ ಶೀತ ಒಳಗೆ ಹೋಗುತ್ತೆ."

"ಹಂಗಾದ್ರೆ ನಿಮ್ಮನ್ನ ಅಲ್ಲಿಗೇ ಕೊಡಬೇಕಿತ್ತು" ಎಂದಳು.

ಆ ರಾತ್ರಿ ಅವಳು ಮಹಡಿಗೆ ಒಂದು ದೊಡ್ಡ ತಟ್ಟೆ ಭರ್ತಿ ಮನ್ಸಫ್, ಅಂದರೆ ಮೊಸರಿನಲ್ಲಿ ಬೇಯಿಸಿದ ಕುರಿಮಾಂಸ ಮತ್ತು ಅನ್ನ, ಕಳಿಸಿದಳು. ಮರುದಿನ ಬೆಳಿಗ್ಗೆ ಐಲಿ ಆ ತಟ್ಟೆಯನ್ನು ತಂದುಕೊಟ್ಟರು. ಫಳಫಳ ತೊಳೆದು, ಒರೆಸಿ, ಖಾಲಿ. ತಮಾಮ್ ಆ ತಟ್ಟೆಯನ್ನು ಹಿಡಿದು ಸತ್ತ ಹಕ್ಕಿಯನ್ನು ನೋಡಿದಂತೆ ನೋಡಿದಳು. ತಟ್ಟೆಯನ್ನು ಯಾರಾದರೂ ಖಾಲಿ ಕಳಿಸುತ್ತಾರೆಯೇ? ಒಂದು ನಿಂಬೆಹಣ್ಣಾದರೂ ಇಡಬೇಡವೇ? ನಾನು ಮೇಲೆ ಹೋಗಿ ಪಾದ್ರಿಗೆ ಈ ವಿಷಯವನ್ನು ನಾಜೂಕಾಗಿ ತಿಳಿಸಿದೆ. ಸಂಜೆ ಐಲಿ ಇನ್ನೊಂದು ತಟ್ಟೆಯಲ್ಲಿ ಜಡೆಯಂತೆ ಹೆಣೆದ ಸಿಹಿ ರೊಟ್ಟಿ ಹೊತ್ತು ಬಂದರು. ತಮಾಮ್ ಮುರಿದು ಮೂಸಿದಳು. ಏಲಕ್ಕಿ.

"ಏಲಕ್ಕಿ ಹಾಕೋ ಜನ ಕೆಟ್ಟವರಾಗಿರೋಕೆ ಸಾಧ್ಯವಿಲ್ಲ" ಎಂದು ತೀರ್ಪು ಕೊಟ್ಟಳು. ಅಂದಿನಿಂದ ತಟ್ಟೆಗಳ ಯುದ್ಧ ಶುರುವಾಯಿತು. ಇಲ್ಲಿಂದ ಅನ್ನ ತುಂಬಿ ಸುತ್ತಿದ ದ್ರಾಕ್ಷಿ ಎಲೆ ಹತ್ತಿದರೆ ಅಲ್ಲಿಂದ ಸಿಹಿ ರೊಟ್ಟಿ ಇಳಿಯುತ್ತಿತ್ತು. ಯಾರೂ ಸೋಲಲು ಸಿದ್ಧರಿರಲಿಲ್ಲ. ಈ ಮಹಾಸಮರದಲ್ಲಿ ಗಾಯಗೊಂಡದ್ದು ನನ್ನ ಪ್ಯಾಂಟಿನ ಗುಂಡಿಗಳು ಮಾತ್ರ.

ಒಂದು ವಾರ ಕಳೆದಿರಬೇಕು, ಚರ್ಚಿನ ಹಿರಿಯರ ಅಧ್ಯಕ್ಷ ಅಬು ಗಸ್ಸಾನ್ ಮನೆಗೆ ಬಂದ. ಅವನು ಹಿಂದೆ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದವನು. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠದಲ್ಲಿ ತಪ್ಪು ಹುಡುಕಿ, ಒಂದೂ ಸಿಗದೆ ಹೋದ ದುಃಖವನ್ನು ಇನ್ನೂ ಮರೆತಿಲ್ಲ.

"ನೋಡಿ ಉಸ್ತಾದ್" ಎಂದ. "ಇವರನ್ನ ಕಳಿಸಿದ ಮಿಷನ್ನಿನವರು ಹೇಳಿದಾರೆ. ಈಸ್ಟರಿನ ಹೊತ್ತಿಗೆ ಪಾದ್ರಿ ಅರಬಿಯಲ್ಲಿ ಉಪದೇಶ ಮಾಡಬೇಕು. ಹಿರಿಯರು ಕೇಳಿ ಒಪ್ಪಬೇಕು. ಆಗಲಿಲ್ಲ ಅಂದ್ರೆ ಇವರನ್ನ ಸೈಪ್ರಸ್‌ನ ಆಫೀಸಿಗೆ ಹಾಕ್ತಾರಂತೆ. ಈ ಮನುಷ್ಯ ತನ್ನ ಭಾಷೇಲೇ ಮಾತಾಡಲ್ಲ, ಅರಬಿಯಲ್ಲಿ ಏನು ಮಾತಾಡ್ತಾನೆ?"

ತಮಾಮ್ ಬಾಗಿಲ ಬಳಿ ನಿಂತಿದ್ದಳು. ಅವಳ ಸೊಂಟದ ಮೇಲೆ ಕೈಸಾ ಇದ್ದಳು. ಆ ಮಗುವನ್ನು ಅವಳು ಇನ್ನೂ ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡದ್ದನ್ನು ನಾನು ನೋಡಿದೆ.

ನಾನು ಎದ್ದು ನಿಂತೆ. "ಅಬು ಗಸ್ಸಾನ್, ಪಾದ್ರಿಯನ್ನ ನನಗೆ ಬಿಡಿ. ಈಸ್ಟರಿನ ದಿನ ಆತ ಬಾಯಿ ತೆರೆದರೆ, ಇಡೀ ಕರಕ್ ಎದ್ದು ನಿಲ್ಲಬೇಕು."

ನಾನು ಹೇಳಿದ್ದು ಅಕ್ಷರಶಃ ನಿಜವಾಯಿತು, ಈಸ್ಟರಿಗೂ ಮೊದಲೇ.

ಪಾಠ ಮಾರನೆಯ ದಿನವೇ ಆರಂಭವಾಯಿತು. ನನ್ನ ಪದ್ಧತಿ ಶುದ್ಧವಾದದ್ದು. ಬೀದಿಯ ಭಾಷೆ, ಅಡುಗೆಮನೆಯ ಭಾಷೆ, ಬಸ್ಸಿನ ಕಂಡಕ್ಟರನ ಭಾಷೆ, ಇವೆಲ್ಲ ಭಾಷೆಯ ಮೇಲೆ ಕೂತ ಧೂಳು. ನಾನು ಪಾದ್ರಿಗೆ ಕಲಿಸಿದ್ದು ಪುರಾತನ ಕವಿಗಳ, ಗ್ರಂಥಗಳ, ರಾಜಾಜ್ಞೆಗಳ ಅರಬಿ. ಪಾದ್ರಿ ಎಂಥ ವಿದ್ಯಾರ್ಥಿ ಎನ್ನುತ್ತೀರಿ. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು, ಬರೆದದ್ದನ್ನು ಬಾಯಿಪಾಠ ಮಾಡುತ್ತಿದ್ದರು, ಎದುರು ಮಾತಾಡುತ್ತಿರಲಿಲ್ಲ. (ನನ್ನ ಮನೆಯಲ್ಲಿ ಎದುರು ಮಾತಾಡದ ಮನುಷ್ಯಪ್ರಾಣಿಯನ್ನು ನಾನು ಕಂಡದ್ದು ಅದೇ ಮೊದಲು.) ದ್ವಿವಚನ ಕಲಿಸಿದ ದಿನ ಅವರು ಮೆಟ್ಟಿಲಲ್ಲಿ ನಮ್ಮಿಬ್ಬರನ್ನು ಕಂಡು, "ಉಭಯರಿಗೂ ಶುಭೋದಯವು, ನೀವೀರ್ವರೂ ಕುಶಲದಿಂದಿರುವಿರಾ?" ಎಂದರು. ತಮಾಮ್ ಹಿಂದೆ ತಿರುಗಿ ನೋಡಿದಳು, ಇನ್ಯಾರಾದರೂ ಬಂದಿದ್ದಾರೋ ಎಂದು.

ಚಳಿಗಾಲ ಶುರುವಾಗುವ ಹೊತ್ತಿಗೆ ಪಾದ್ರಿ ಒಬ್ಬರೇ ಮಾರುಕಟ್ಟೆಗೆ ಹೋಗಲು ತಯಾರಾದರು. ನಾನು ಹೆಮ್ಮೆಯಿಂದ ಸ್ವಲ್ಪ ಹಿಂದೆಯೇ ಹೋದೆ. ತರಕಾರಿ ಅಬು ಶುಕ್ರಿ ತುಟಿಯಲ್ಲಿ ಸಿಗರೇಟು ಕಚ್ಚಿಕೊಂಡು ಹೂಕೋಸು ಜೋಡಿಸುತ್ತಿದ್ದ. ಪಾದ್ರಿ ಅವನೆದುರು ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದರು:

"ಎಲೈ ಶಾಕವಣಿಜನೇ, ನಿನಗೆ ಮಂಗಳವಾಗಲಿ. ಈ ಕೃಷ್ಣವರ್ಣದ ವೃಂತಾಕಗಳ ಮೌಲ್ಯವೇನೆಂಬುದನ್ನು ನನಗೆ ಅರುಹುವೆಯಾ?"

ಅಬು ಶುಕ್ರಿ ಸಿಗರೇಟನ್ನು ಕೈಗೆ ತೆಗೆದುಕೊಂಡ. ಪಕ್ಕದ ಅಂಗಡಿಯವನು ರೇಡಿಯೋ ಸಣ್ಣದು ಮಾಡಿದ. ಕುರ್ಚಿಯಲ್ಲಿ ಕೂತಿದ್ದ ಇಬ್ಬರು ಮುದುಕರು ಎದ್ದು ನಿಂತರು. ಬೀದಿಯಲ್ಲಿ ಯಾರೋ "ಏನಾಯ್ತು, ಯಾರು ಹೋದ್ರು?" ಎಂದು ಕೇಳಿದರು. ಆ ಥರದ ಅರಬಿ ನಮ್ಮ ಜನರ ಕಿವಿಗೆ ಬೀಳುವುದು ರೇಡಿಯೋ ವಾರ್ತೆಯಲ್ಲಿ ಯಾರಾದರೂ ದೊಡ್ಡವರು ತೀರಿಕೊಂಡಾಗ.

ಅಬು ಶುಕ್ರಿ ನನ್ನ ಹಳೆಯ ವಿದ್ಯಾರ್ಥಿ. ಪಾಪ, ಹಳೆಯ ಭಯಕ್ಕೆ ಅವನೂ ಗ್ರಾಂಥಿಕದಲ್ಲಿ ಉತ್ತರಿಸಲು ಹೋಗಿ, ಮೊದಲನೇ ವಾಕ್ಯದಲ್ಲೇ ವಿಭಕ್ತಿ ತಪ್ಪಿ, ದೂರದಲ್ಲಿ ನನ್ನನ್ನು ಕಂಡು ಬೆವರಿ, ಬದನೆಕಾಯಿಯನ್ನು ಪುಕ್ಕಟೆ ಕೊಟ್ಟುಬಿಟ್ಟ.

"ನೋಡಿದ್ಯಾ" ಎಂದು ಮನೆಗೆ ಬಂದು ತಮಾಮ್‌ಗೆ ಹೇಳಿದೆ. "ಭಾಷೆಯ ಶಕ್ತಿ."

"ಏನು ಶಕ್ತಿ? ಆ ಮನುಷ್ಯ ಬಾಯಿ ಬಿಟ್ರೆ ಜನ ಟೋಪಿ ತೆಗೀತಾರೆ. ಊರ ಮಕ್ಕಳೆಲ್ಲ ಅವರನ್ನ ರೇಡಿಯೋ ಪಾದ್ರಿ ಅಂತಾರೆ. ಇನ್ನು ಹೊಟ್ಟೆನೋವು ಬಂದ್ರೆ ಡಾಕ್ಟರ ಹತ್ರ ಏನಂತ ಹೇಳ್ತಾರೆ? ಉದರದಲ್ಲಿ ವ್ಯಥೆ ಉದ್ಭವಿಸಿದೆ ಅಂತಲಾ? ಅಷ್ಟು ಹೇಳಿ ಮುಗಿಸೋ ಹೊತ್ತಿಗೆ ಪ್ರಾಣ ಹೋಗಿರುತ್ತೆ."

ನ್ಯಾಯವಾಗಿ ಇನ್ನೊಂದು ಸಂಗತಿಯನ್ನೂ ಹೇಳಬೇಕು, ಇಲ್ಲವಾದರೆ ನನ್ನ ಪಕ್ಷ ತೀರಾ ಬಡವಾಗುತ್ತದೆ. ನಮ್ಮ ಬೀದಿಯ ನೀರಿನ ಕೊಳವೆ ಸೋರಲು ಶುರುವಾಗಿ ಎಷ್ಟೋ ಕಾಲವಾಗಿತ್ತು. ತಮಾಮ್ ಆ ಕಚೇರಿಗೆ ಹೋಗಿ ಕೂಗಿ ಬಂದಿದ್ದಳು, ಅತ್ತು ಬಂದಿದ್ದಳು, ಒಮ್ಮೆ ಉಪ್ಪಿನಕಾಯಿ ಕೊಟ್ಟೂ ಬಂದಿದ್ದಳು. ಪಾದ್ರಿ ಹೋಗಿ "ಮಾನ್ಯರೇ, ನಮ್ಮ ವೀಥಿಯಲ್ಲಿ ಜಲವು ವ್ಯರ್ಥವಾಗಿ ಹರಿದು ಅಳುತ್ತಿದೆ" ಎಂದರಂತೆ. ಗುಮಾಸ್ತ ಎದ್ದು ನಿಂತು ಕುರ್ಚಿ ಕೊಟ್ಟ. ಮಧ್ಯಾಹ್ನಕ್ಕೆ ಕೊಳವೆ ರಿಪೇರಿಯಾಯಿತು. ಆ ಸಂಜೆ ನಾನು ನಲ್ಲಿಯ ಕೆಳಗೆ ಬೇಕೆಂದೇ ಬಹಳ ಹೊತ್ತು ಕೈತೊಳೆದೆ. ತಮಾಮ್ ಏನೂ ಹೇಳಲಿಲ್ಲ. ನನ್ನ ದಾಂಪತ್ಯದ ಇತಿಹಾಸದಲ್ಲಿ ಅದು ಸುವರ್ಣಯುಗ. ಸುಮಾರು ಊಟದ ಹೊತ್ತಿನವರೆಗೆ ನಡೆಯಿತು.

ಇದೆಲ್ಲ ಮೇಲಿನ ಕೋಣೆಯಲ್ಲಿ ನಡೆಯುತ್ತಿರುವಾಗ ಕೆಳಗೆ, ನನ್ನದೇ ಅಡುಗೆಮನೆಯಲ್ಲಿ, ಇನ್ನೊಂದು ವಿದ್ಯಾಪೀಠ ಬಾಗಿಲು ತೆರೆದಿತ್ತು. ಐಲಿ ಬೆಳಿಗ್ಗೆ ಇಳಿದು ಬಂದರೆಂದರೆ ತಮಾಮ್ ಜೊತೆ ಕೂತು ಎಳೆ ಸೌತೆಯಂಥ ಕೂಸಾ ಕಾಯಿಯ ತಿರುಳು ಕೊರೆಯುವುದು, ದ್ರಾಕ್ಷಿ ಎಲೆ ಸುತ್ತುವುದು, ಮಸೂರಬೇಳೆಯ ಕಲ್ಲು ಆರಿಸುವುದು. ತಮಾಮ್ ಬಾಯಿ ಒಂದು ಕ್ಷಣ ನಿಲ್ಲುತ್ತಿರಲಿಲ್ಲ. ಅವಳಿಗೆ ಒಂದು ಶಬ್ದ ಇಂಗ್ಲಿಷ್ ಬರುವುದಿಲ್ಲ, ಐಲಿಗೆ ಒಂದು ಶಬ್ದ ಅರಬಿ ಬರುತ್ತಿರಲಿಲ್ಲ, ಆದರೂ ಮೊದಲ ದಿನದಿಂದಲೇ ಇಬ್ಬರೂ ನಗುತ್ತಿದ್ದರು. ಯಾವುದಕ್ಕೆ ನಗುತ್ತಾರೆಂದು ನಾನು ತಲೆ ಹಾಕಿದರೆ ಇನ್ನೂ ಜೋರಾಗಿ ನಗುತ್ತಿದ್ದರು.

ಫಲ ತಿಳಿದದ್ದು ಅಬು ಶುಕ್ರಿಯ ಅಂಗಡಿಯ ಮುಂದೆ. ಐಲಿ ಒಂದು ಬದನೆಕಾಯಿಯನ್ನು ಎರಡು ಬೆರಳಲ್ಲಿ ಎತ್ತಿಹಿಡಿದು, ತಮಾಮ್‌ದೇ ದನಿಯಲ್ಲಿ, ತಮಾಮ್‌ದೇ ಹುಬ್ಬಿನಲ್ಲಿ ಕೇಳುತ್ತಿದ್ದರು: "ಏನಪ್ಪಾ ಅಬು ಶುಕ್ರಿ, ಇದನ್ನ ನಿಮ್ಮಜ್ಜನ ಮದುವೆಗೆ ಕೊಯ್ದಿದ್ದಾ? ಹೋಗ್ಲಿ, ಅರ್ಧ ಬೆಲೆಗೆ ಕೊಡು, ಇಟ್ಕೊಂಡು ನೀನೇನು ಮ್ಯೂಸಿಯಂ ಮಾಡ್ತೀಯಾ?"

ಅಬು ಶುಕ್ರಿ ನಗು ತಡೆಯಲಾರದೆ ತಕ್ಕಡಿಗೆ ಆತುಕೊಂಡಿದ್ದ. ಅರ್ಧ ಬೆಲೆಗೆ ಕೊಟ್ಟ, ಮೇಲೆ ಒಂದು ಹಿಡಿ ಪುದೀನ ಹಾಕಿದ.

ನನಗೆ ಒಳಗೊಳಗೇ ಕಳವಳವಾಯಿತು. ಆ ಕಳವಳ ಸುಳ್ಳಲ್ಲ ಎಂಬುದು ಜನವರಿಯ ಒಂದು ಮಧ್ಯಾಹ್ನ ಸಾಬೀತಾಯಿತು. ಅಬು ಗಸ್ಸಾನ್ ಪಾದ್ರಿಯ ಪ್ರಗತಿ ಪರಿಶೀಲಿಸಲು ಬಂದ. ಹಳೆಯ ಇನ್‌ಸ್ಪೆಕ್ಟರ್ ಚಾಳಿ ಎಲ್ಲಿ ಹೋಗುತ್ತದೆ? ನಾನು ಅವನನ್ನು ಮಹಡಿಗೆ ಕರೆದೊಯ್ದೆ. ಐಲಿ ಬಾಗಿಲು ತೆರೆದರು.

"ಬನ್ನಿ ಬನ್ನಿ ಅಬು ಗಸ್ಸಾನ್, ನಿಮ್ಮ ಕಾಲಿಂದ ಮನೆ ಬೆಳಗಿತು" ಎಂದರು. ಎಂಥ ಸೊಗಸಾದ ಸ್ವಾಗತ. ಆಮೇಲೆ ನನ್ನ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು, ತಲೆಬಾಗಿಸಿ, ಅತ್ಯಂತ ಗೌರವದಿಂದ ನುಡಿದರು: "ಬಂದ್ರಾ, ನನ್ನ ತಲೆನೋವೇ? ಬಾಗಿಲು ಹಾಕಿ, ಗಾಳಿ ಬರುತ್ತೆ, ಎಷ್ಟು ಸಲ ಹೇಳಬೇಕು ನಿಮಗೆ?"

ಅಷ್ಟು ವಿನಯವಾಗಿ ನನ್ನನ್ನು ಯಾರೂ ಬೈದಿರಲಿಲ್ಲ.

ಆಮೇಲೆ ಗೊತ್ತಾಯಿತು. 'ಉಸ್ತಾದ್' ಎಂಬುದು ಹೊರಗಿನವರು ಕರೆಯುವ ಹೆಸರು, ಮನೆಯವರು ಪ್ರೀತಿಯಿಂದ ಕರೆಯುವ ಬಿರುದು 'ನನ್ನ ತಲೆನೋವೇ' ಎಂದು ಆ ಪುಣ್ಯಾತ್ಗಿತ್ತಿ ತಿಳಿದುಕೊಂಡಿದ್ದರು. ತಾನೂ ಈಗ ಮನೆಯವಳಲ್ಲವೇ ಎಂದು ಆ ಬಿರುದನ್ನು ಬಳಸಿದ್ದರು. ಅಬು ಗಸ್ಸಾನ್ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ. ಸಂಜೆಯೊಳಗೆ ಊರಿನಲ್ಲಿ ನನಗೆ ಇಬ್ಬರು ಮೂವರು "ತಲೆನೋವು ಹೇಗಿದೆ ಉಸ್ತಾದ್?" ಎಂದು ಕೇಳಿದರು.

ಅಂದು ನಾನು ಗಂಡಸಿನಂತೆ ಮಾತಾಡಿದೆ. "ತಮಾಮ್, ಇವತ್ತಿಂದ ಪಾಠ ನಿಲ್ಲಿಸು. ಕಷ್ಟಪಟ್ಟು ನಾನು ಒಂದು ಅರಮನೆ ಕಟ್ತಾ ಇದೀನಿ, ನೀನು ಕೆಳಗೆ ಕೋಳಿಗೂಡು ಮಾಡ್ತಾ ಇದೀಯ."

"ಕೋಳಿಗೂಡಲ್ಲಿ ಮೊಟ್ಟೆಯಾದ್ರೂ ಸಿಗುತ್ತೆ" ಎಂದಳು. "ನಾನೇನು ಪಾಠ ಮಾಡಿದೆ? ಮಾತಾಡ್ದೆ. ಒಂಟಿ ಹೆಂಗಸು, ದೂರದ ಊರಿಂದ ಬಂದಿದಾಳೆ. ಬಂದ ಹೊಸದರಲ್ಲಿ ಮೇಲೆ ಕಿಟಕಿ ಹತ್ರ ನಿಂತು ಅಳ್ತಾ ಇದ್ಲು, ನಿಮಗೆ ಗೊತ್ತಾ? ಗೊತ್ತಿರಲ್ಲ. ಆಗ ನೀವು ಅವಳ ಗಂಡನಿಗೆ ದ್ವಿವಚನ ಹೇಳಿಕೊಡ್ತಿದ್ರಿ."

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿದೆ, ಗಾಳಿ ಬರುತ್ತಿತ್ತು.

"ಇನ್ನೊಂದು ಮಾತು" ಎಂದು ಅವಳು ದನಿ ತಗ್ಗಿಸಿದಳು. "ಆ ಉಪದೇಶ ಕೆಟ್ಟರೆ ಇವರು ಸೈಪ್ರಸ್‌ಗೆ ಹೋಗ್ತಾರೆ. ಕೈಸಾನೂ ಹೋಗ್ತಾಳೆ. ಆಮೇಲೆ ಈ ಮನೇಲಿ ನೀವು, ನಾನು, ನಿಮ್ಮ ವ್ಯಾಕರಣ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಭಯವಾಯಿತು. ಭಯದಿಂದ ಇನ್ನೂ ಶ್ರದ್ಧೆಯಾಗಿ ಕಲಿಸಿದೆ. ಉಪದೇಶದ ವಿಷಯ ತಾಳ್ಮೆ. ಪಾದ್ರಿ ಇಂಗ್ಲಿಷಿನಲ್ಲಿ ಬರೆದುಕೊಟ್ಟ ನಾಲ್ಕು ಸರಳ ಮಾತನ್ನು ತೆಗೆದುಕೊಂಡು ನಾನು ಅದಕ್ಕೆ ಪ್ರಾಸ ಹಚ್ಚಿದೆ, ಉಪಮೆ ತೊಡಿಸಿದೆ, ಸಮಾಸಗಳ ಸರ ಹಾಕಿದೆ. ಮೊದಲ ವಾಕ್ಯವೇ ನಮ್ಮೂರಿನ ಹಳೆಯ ಕೋಟೆಯ ಗೋಡೆಯಷ್ಟು ಉದ್ದವಿತ್ತು. ಕರ್ತೃ ಒಂದು ತುದಿಯಲ್ಲಿ ಹೊರಟರೆ ಕ್ರಿಯಾಪದವನ್ನು ಕಾಣುವಷ್ಟರಲ್ಲಿ ಮುದುಕನಾಗಬೇಕು. ಪಾದ್ರಿ ತಕರಾರಿಲ್ಲದೆ ಬಾಯಿಪಾಠ ಮಾಡಿದರು. ಆಗೀಗ "ಉಸ್ತಾದರೇ, ಇದು ಜನಗಳಿಗೆ ಬೋಧೆಯಾಗುವುದೇ?" ಎಂದು ಕೇಳುತ್ತಿದ್ದರು. "ಬೋಧೆಯಾಗದಿದ್ದರೆ ಗೌರವ ಹೆಚ್ಚು" ಎಂದು ಸಮಾಧಾನ ಮಾಡುತ್ತಿದ್ದೆ. ಪಾಠ ಮುಗಿದ ಮೇಲೆ ನಾನು ಮಧ್ಯಾಹ್ನದ ನಿದ್ದೆಗೆ ಹೋಗುತ್ತಿದ್ದೆ. ಅವರು ಎಲ್ಲಿಗೆ ಹೋಗುತ್ತಿದ್ದರೆಂದು ನಾನೇಕೆ ವಿಚಾರಿಸಲಿ?

ಈಸ್ಟರಿನ ಬೆಳಿಗ್ಗೆ ಚರ್ಚು ತುಂಬಿತ್ತು. ಆರ್ಥೊಡಾಕ್ಸ್ ಕಡೆಯ ನನ್ನ ನೆಂಟರೂ ರೇಡಿಯೋ ಪಾದ್ರಿಯನ್ನು ಕೇಳಲು ಬಂದು ಹಿಂದೆ ನಿಂತಿದ್ದರು. ಮುಂದಿನ ಬೆಂಚಿನಲ್ಲಿ ಹಿರಿಯರು, ನಡುವೆ ಅಬು ಗಸ್ಸಾನ್, ಕೈ ಕಟ್ಟಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು, ತಪ್ಪಿನ ಬೇಟೆಗೆ ಕೂತ ಬೆಕ್ಕು. ನಾನು ಅವನ ಪಕ್ಕದಲ್ಲೇ ಕೂತೆ. ಹೊಸ ಟೈ ಕಟ್ಟಿದ್ದೆ. ಹೆಂಗಸರ ಕಡೆ ತಮಾಮ್, ಐಲಿ, ನಡುವೆ ಕೈಸಾ.

ಪಾದ್ರಿ ಎದ್ದು ನಿಂತರು. ಆರಂಭಿಸಿದರು.

"ಹೇ ಸಜ್ಜನಸಮೂಹವೇ, ಕಾಲಚಕ್ರದ ಪರಿಭ್ರಮಣದಲ್ಲಿ ಸಂತಪ್ತರಾದ, ಸಹನೆಯೆಂಬ ಸುಧೆಯ ಸವಿಯನ್ನರಿಯದ..."

ಒಂದು ವಿಭಕ್ತಿ ತಪ್ಪಲಿಲ್ಲ. ಒಂದು ಸ್ವರ ಜಾರಲಿಲ್ಲ. ಅಬು ಗಸ್ಸಾನನ ಹುಬ್ಬು ಮೇಲೇರುವುದನ್ನು ನಾನು ಓರೆಗಣ್ಣಿನಲ್ಲಿ ಸವಿದೆ. ಅಷ್ಟರಲ್ಲಿ ಮೂರನೇ ಬೆಂಚಿನಿಂದ ಹಿಲ್ವೆ ಅಜ್ಜಿ (ಕಿವಿ ಸ್ವಲ್ಪ ಮಂದ, ದನಿ ಮಂದವಲ್ಲ) ಪಕ್ಕದವಳನ್ನು ಕೇಳಿದಳು: "ಯಾರು ಸತ್ತದ್ದು ಮಗಳೇ?"

ಚರ್ಚು ನಡುಗಿತು. ಜನ ನಗು ಅದುಮಿ ಅದುಮಿ ಬೆಂಚುಗಳು ಕಿರುಗುಟ್ಟಿದವು. ಪಾದ್ರಿ ನಿಂತರು. ಹರಿದ ವಾಕ್ಯದ ತುದಿಯನ್ನು ಮತ್ತೆ ಹಿಡಿಯಲು ಬಾಯಿ ತೆರೆದರು. ಸಿಗಲಿಲ್ಲ. ಮುಚ್ಚಿದರು.

ಮೌನ. ಮೊದಲ ದಿನ ನಮ್ಮ ಮನೆಗೆ ಬಂದಾಗ ತಂದಿದ್ದರಲ್ಲ, ಅಂಥದ್ದೇ. ಅದರ ದೊಡ್ಡಣ್ಣ.

ನಾನು ಅರ್ಧ ಎದ್ದು, ಕೈ ಅಡ್ಡ ಹಿಡಿದು, ಪಿಸುಗುಟ್ಟಿದೆ: "ಅರಿಯದ, ಅಜ್ಞಾನಾಂಧಕಾರದಲ್ಲಿ..." ಪಾದ್ರಿ ನನ್ನನ್ನು ನೋಡಿದರು. ಆ ನೀಲಿ ಕಣ್ಣುಗಳಲ್ಲಿ ಪಾಪ ಎಷ್ಟು ಕ್ಷಮಾಪಣೆ ಇತ್ತು. ಆಮೇಲೆ ಹೆಂಗಸರ ಕಡೆ ತಿರುಗಿ ತಮಾಮ್‌ಳನ್ನು ನೋಡಿದರು. ತಮಾಮ್ ಗದ್ದವನ್ನು ಒಂದಿಷ್ಟು ಮೇಲಕ್ಕೆತ್ತಿದಳು. 'ನಡೀರಿ' ಎನ್ನುವಾಗ ಎತ್ತುತ್ತಾಳಲ್ಲ, ಹಾಗೆ.

ಪಾದ್ರಿ ಉಸಿರು ಬಿಟ್ಟರು. ಮೇಜಿನ ಹಿಂದಿನಿಂದ ಈಚೆ ಬಂದು ಮುಂದಿನ ಬೆಂಚಿನ ಹತ್ತಿರ ನಿಂತರು.

"ನೋಡ್ರಪ್ಪಾ" ಎಂದರು. "ದೊಡ್ಡ ಮಾತು ಕಲ್ತು ಬಂದಿದ್ದೆ, ಮರ್ತೋಯ್ತು. ಮನೆ ಮಾತಲ್ಲಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಿಲ್ವೆ ಅಜ್ಜಿ, ಯಾರೂ ಸತ್ತಿಲ್ಲ. ಒಬ್ಬರು ಎದ್ದಿದಾರೆ. ಅದಕ್ಕೇ ಇವತ್ತು ಹಬ್ಬ."

ಹಿಲ್ವೆ ಅಜ್ಜಿಗೆ ಪೂರ್ತಿ ಕೇಳಿಸಿತು. "ಹಾಂ, ಹಂಗೆ ಹೇಳಪ್ಪ ಮತ್ತೆ" ಎಂದಳು.

ಆಮೇಲೆ ನಡೆದದ್ದನ್ನು ನನ್ನ ಕಿವಿಯೇ ನಂಬಲಿಲ್ಲ. ಆ ಉದ್ದದ ಬಿಳಿಯ ಮನುಷ್ಯನ ಬಾಯಲ್ಲಿ ತಮಾಮ್ ಮಾತಾಡುತ್ತಿದ್ದಳು. ಅವಳ ಎಳೆತ, ಅವಳ 'ಅಲ್ಲಾ ಮತ್ತೆ', ಅವಳಂತೆ ಅಂಗೈ ಮೇಲೆ ಮಾಡಿ ಕೇಳುವ ರೀತಿ. (ನಾನು ನಿದ್ದೆ ಮಾಡುತ್ತಿದ್ದ ಮಧ್ಯಾಹ್ನಗಳಲ್ಲಿ ಅವರು ನನ್ನ ಅಡುಗೆಮನೆಯಲ್ಲಿ ಕೂಸಾ ಕಾಯಿ ಕೊರೆಯುತ್ತ ಕೂತಿರುತ್ತಿದ್ದರೆಂದು ಆಮೇಲೆ ತಿಳಿಯಿತು. ಇಡೀ ಬೀದಿಗೆ ತಿಳಿದಿತ್ತು.)

"ತಾಳ್ಮೆ ಅಂದ್ರೇನು ಅಂತ ನಂಗೆ ಪುಸ್ತಕದಲ್ಲಿ ಸಿಗಲಿಲ್ಲ" ಎಂದರು. "ಈ ಊರಿಗೆ ಬಂದ ಮೇಲೆ ಕಣ್ಣಾರೆ ನೋಡ್ದೆ. ನಮ್ಮ ಕೆಳಗಿನ ಮನೇಲಿ ಒಬ್ಬ ತಾಯಿ ಇದಾಳೆ. ಅವಳ ಗಂಡ ಒಳ್ಳೆಯವನು, ದೇವರಾಣೆ ಒಳ್ಳೆಯವನು. ಆದ್ರೆ ಒಲೆ ಮೇಲೆ ಹಾಲು ಉಕ್ತಾ ಇದ್ರೆ ಆ ಮನುಷ್ಯ ಎದ್ದು ಆರಿಸಲ್ಲ. ಕೂತಲ್ಲೇ ಕೂತು, 'ಕ್ಷೀರವು ಉಕ್ಕುತ್ತಿರುವುದು' ಅಂತ ಸರಿಯಾದ ವ್ಯಾಕರಣದಲ್ಲಿ ಹೇಳ್ತಾನೆ."

ಇಡೀ ಚರ್ಚು ನನ್ನ ಕಡೆ ತಿರುಗಿತು. ಹಿಂದೆ ನಿಂತವರು ಕಾಣಿಸದೆ ಬೆಂಚಿನ ಮೇಲೆ ಹತ್ತಿದರು.

"ಅವಳು ಒಲೆ ಆರಿಸ್ತಾಳೆ, ಚೆಲ್ಲಿದ್ದು ಒರೆಸ್ತಾಳೆ, ಬೈತಾಳೆ. ಬೈದು ಮುಗಿಸಿ, ಉಳಿದ ಹಾಲನ್ನ ಲೋಟಕ್ಕೆ ಹಾಕಿ ಅವನಿಗೇ ಕೊಡ್ತಾಳೆ. ದೊಡ್ಡ ಲೋಟ. ಮತ್ತೆ ಅವನು? ಅವನು ಒಂದು ದಿನ ಅವಳ ಮಾತು ತಪ್ಪು ಅಂದಿಲ್ಲ. ಊರಿನ ಬೋರ್ಡೆಲ್ಲ ತಿದ್ದೋ ಮನುಷ್ಯ, ಅವಳ ಮಾತನ್ನ ತಿದ್ದಿಲ್ಲ. ಅದೂ ತಾಳ್ಮೆನೇ. ನಾವು ಅಳ್ತಾ ಬಂದೋರು, ಆ ಇಬ್ಬರ ನಡುವೆ ಕೂತು ನಗೋದು ಕಲಿತ್ವಿ. ದೇವರು ನಮ್ಮನ್ನ ಸಹಿಸೋದು ಹೀಗೇ ಇರಬೇಕು ಅಂತ ನಂಗೆ ಅನ್ಸುತ್ತೆ."

ನಗುತ್ತಿದ್ದ ಜನ ಯಾವಾಗ ಕಣ್ಣೊರೆಸಿಕೊಳ್ಳಲು ಶುರು ಮಾಡಿದರೋ ನನಗೆ ತಿಳಿಯದು. ನನಗೂ ಕಣ್ಣಲ್ಲಿ ಏನೋ ಬಿದ್ದಿತ್ತು, ಚರ್ಚಿನಲ್ಲಿ ಧೂಳು ಜಾಸ್ತಿ. (ತಮಾಮ್ ಮಾತು ನಾನು ತಿದ್ದಿಲ್ಲವೆಂಬುದು ನಿಜ. ಅದನ್ನು ತಾಳ್ಮೆ ಎಂದದ್ದು ಪಾದ್ರಿಯ ದೊಡ್ಡತನ. ಧೈರ್ಯವಿರಲಿಲ್ಲ ಎಂದರೂ ನಡೆಯುತ್ತಿತ್ತು.) ಪಕ್ಕದಲ್ಲಿ ಅಬು ಗಸ್ಸಾನ್ ಮೂಗು ಒರೆಸಿಕೊಂಡು, "ಆಯ್ತು, ಇರಲಿ, ಇವರನ್ನ ಎಲ್ಲಿಗೂ ಕಳಿಸೋದು ಬೇಡ" ಎಂದ. ಹಿರಿಯರೆಲ್ಲ ಅಲ್ಲೇ ಕೂತಲ್ಲೇ ಕೈ ಎತ್ತಿದರು. ಕೈಸಾ ಏನು ನಡೆಯುತ್ತಿದೆಯೆಂದು ತಿಳಿಯದೆ ತಾನೂ ಕೈ ಎತ್ತಿದಳು. ತಮಾಮ್ ಆ ಎತ್ತಿದ ಕೈಗೆ ಮುತ್ತು ಕೊಟ್ಟಳು.

ಹೊರಗೆ ಬಂದ ಮೇಲೆ ಪಾದ್ರಿ ನನ್ನ ಬಳಿ ತಲೆ ತಗ್ಗಿಸಿ ನಿಂತರು. "ಉಸ್ತಾದರೇ, ನನ್ನನ್ನು ಕ್ಷಮಿಸುವಿರಾ?" ಆ ಒಂದು ವಾಕ್ಯವನ್ನಾದರೂ ನನ್ನ ಭಾಷೆಯಲ್ಲಿ ಹೇಳಿದರಲ್ಲ ಎಂದು ಅವರನ್ನು ತಬ್ಬಿಕೊಂಡೆ. ನನ್ನ ತಲೆ ಅವರ ಟೈನವರೆಗೆ ಬಂತು.

ಇಲ್ಲಿಗೆ ಕಥೆ ಮುಗಿದಿದ್ದರೆ ನನ್ನ ಮಾನ ಅಷ್ಟಿಷ್ಟು ಉಳಿಯುತ್ತಿತ್ತು.

ಬೇಸಿಗೆಯ ಕೊನೆಗೆ ಸುದ್ದಿ ಬಂತು. ಪಾದ್ರಿ ವೈಕ್ಕೋ ಅಷ್ಟು ಬೇಗ ಅರಬಿ ಕಲಿತದ್ದನ್ನು ಕೇಳಿ, ಮಿಷನ್ನಿನವರು ಹೊಸದಾಗಿ ಬರುವ ಎಲ್ಲ ಕುಟುಂಬಗಳನ್ನೂ ಭಾಷೆ ಕಲಿಯಲು ಮೊದಲು ಕರಕ್‌ಗೇ ಕಳಿಸುತ್ತಾರಂತೆ. ಶಿಕ್ಷಕರನ್ನು ಗೊತ್ತುಮಾಡಲು ಅಬು ಗಸ್ಸಾನ್ ಸಂಜೆ ಬರುತ್ತಾನಂತೆ. ನಾನು ಕೋಟು ಇಸ್ತ್ರಿ ಮಾಡಿಸಿದೆ. ಹಳೆಯ ವ್ಯಾಕರಣ ಗ್ರಂಥದ ಧೂಳು ಒರೆಸಿ ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟೆ. ಹಜಾರದಲ್ಲಿ ನೆಟ್ಟಗೆ ಕೂತೆ. ಸ್ವಲ್ಪ ಬೇಡ ಬೇಡ ಎಂದು, ಆಮೇಲೆ ಒಪ್ಪಿಕೊಳ್ಳಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ.

ಅಬು ಗಸ್ಸಾನ್ ಬಂದ. ನನ್ನ ಕೋಟನ್ನು ನೋಡಿದ. ಗ್ರಂಥವನ್ನು ನೋಡಿದ.

"ಎಲ್ಲಿಗಾದ್ರೂ ಹೊರಟಿದ್ರಾ ಉಸ್ತಾದ್? ಹೋಗಿ ಬನ್ನಿ, ಪರವಾಗಿಲ್ಲ. ನಂಗೆ ಉಮ್ ರೀಮಾ ಹತ್ರ ಮಾತಾಡಬೇಕಿತ್ತು."

ಈಗ ವಾರದಲ್ಲಿ ಕೆಲವು ಮಧ್ಯಾಹ್ನ ನಮ್ಮ ಹಜಾರ ತುಂಬಿರುತ್ತದೆ. ಒಂದು ಡ್ಯಾನಿಷ್ ಜೋಡಿ, ಕೊರಿಯಾದ ಒಬ್ಬ ನರ್ಸಮ್ಮ, ಗುಂಗುರು ಕೂದಲಿನ ಒಬ್ಬ ಬ್ರೆಜಿಲಿನವನು, ಎಲ್ಲರೂ ಮಡಿಲಲ್ಲಿ ಮೊರ ಇಟ್ಟುಕೊಂಡು ಮಸೂರಬೇಳೆ ಆರಿಸುತ್ತ ಭಾಷೆ ಕಲಿಯುತ್ತಾರೆ. ಅವರ ನಡುವೆ ತಮಾಮ್, ಸಹಾಯಕ ಉಪಾಧ್ಯಾಯಿನಿ ಐಲಿ. ಮನೆಯಲ್ಲಿ ಮಾತು, ನಗು, ಏಲಕ್ಕಿಯ ವಾಸನೆ. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿದೆ. ಹೆಣ್ಣುಮಕ್ಕಳು ಹೋದ ಮೇಲೆ ಮನೆ ಇಷ್ಟು ತುಂಬಿರಲಿಲ್ಲ. ಸಂಸ್ಥೆಯಲ್ಲಿ ನನಗೂ ಒಂದು ಹುದ್ದೆ ಇದೆ. ಎಲ್ಲರಿಗೂ ಕಾಫಿ ಮಾಡುವುದು.

ಮೊನ್ನೆ ತಮಾಮ್ ಅವರಿಗೆ ಕಾಲಗಳನ್ನು ಕಲಿಸುತ್ತಿದ್ದಳು. ನಾನು ಅಡುಗೆಮನೆಯಿಂದ ಟ್ರೇ ಹಿಡಿದು ಬರುತ್ತಿದ್ದೆ.

"ನನ್ನ ಗಂಡ ಕಾಫಿ ತರ್ತಾ ಇದಾನೆ" ಎಂದಳು ತಮಾಮ್.

"ನನ್ನ ಗಂಡ ಕಾಫಿ ತರ್ತಾ ಇದಾನೆ" ಎಂದು ಮೂರು ದೇಶಗಳು ಒಕ್ಕೊರಲಿನಿಂದ ಹೇಳಿದವು. ಬ್ರೆಜಿಲಿನವನೂ ಹೇಳಿದ.

ಅದಕ್ಕೆ ಬೆಚ್ಚಿ ನಾನು ಜಮಖಾನದ ಅಂಚಿಗೆ ಎಡವಿದೆ.

"ನನ್ನ ಗಂಡ ಕಾಫಿ ಚೆಲ್ಲಿದ" ಎಂದಳು ಅವಳು, ಉಸಿರೂ ತೆಗೆದುಕೊಳ್ಳದೆ.

"ನನ್ನ ಗಂಡ ಕಾಫಿ ಚೆಲ್ಲಿದ."

"ನನ್ನ ಗಂಡ ಈಗ ನೆಲ ಒರೆಸ್ತಾನೆ."

"ನನ್ನ ಗಂಡ ಈಗ ನೆಲ ಒರೆಸ್ತಾನೆ."

ನಾನು ಬಟ್ಟೆ ತಂದು ಮೊಣಕಾಲೂರಿದೆ. ಒಬ್ಬ ವ್ಯಾಕರಣದ ಮೇಷ್ಟ್ರಾಗಿ ಒಪ್ಪಿಕೊಳ್ಳಲೇಬೇಕು, ಮೂರು ವಾಕ್ಯದಲ್ಲೂ ಕ್ರಿಯಾಪದ ಸರಿಯಾಗಿತ್ತು.